‘ನನ್ನ ಮಗ ಎಲ್ಲಿದ್ದಾನ್ರೀ?’: ಬಂಧಿತರನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ

ಇಂಥದೊಂದು ರಾತ್ರಿಯನ್ನು ಊಹಿಸಿಕೊಳ್ಳಿ. ಗಜೇಂದ್ರಗಡದ ನೇಕಾರರ ಓಣಿ. ಮಗ್ಗದ ಸದ್ದು ನಿಂತು ಗಂಟೆಯಾಗಿದೆ. ಬಾಗಿಲು ಬಡಿದ ಸದ್ದಿಗೆ ತಾಯಿ ಎದ್ದು ಬರುತ್ತಾಳೆ. ನಾಲ್ಕು ಮಂದಿ, ಒಂದು ಜೀಪು. ‘ಸ್ವಲ್ಪ ವಿಚಾರಣೆ ಐತಿ, ಕಳಿಸ್ತೀವಿ ತಗೋರಿ’ ಎಂದು ಮಗನನ್ನು ಕರೆದುಕೊಂಡು ಹೋಗುತ್ತಾರೆ. ಬೆಳಗಾದರೂ ಮಗ ಬರುವುದಿಲ್ಲ. ಮೊಬೈಲ್ ಸ್ವಿಚ್ ಆಫ್. ಠಾಣೆಗೆ ಹೋದರೆ ‘ಇಲ್ಲಿಲ್ಲ’ ಎಂಬ ಉತ್ತರ. ಪಕ್ಕದ ಮನೆಯವರು ‘ರೋಣಕ್ಕ ಒಯ್ದಾರಂತ’ ಎನ್ನುತ್ತಾರೆ. ಇನ್ನೊಬ್ಬರು ‘ಇಲ್ಲ, ಗದಗ’ ಎನ್ನುತ್ತಾರೆ. ಮತ್ತೊಬ್ಬರು ‘ಹತ್ತು ಸಾವಿರ ಕೊಡ್ರಿ, ನಾ ತಿಳ್ಕೊಂಡು ಬರ್ತೀನಿ’ ಎನ್ನುತ್ತಾರೆ.

ಸಹೋದರಿಯರೇ, ಮಗ ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ಆದರೆ ಅವನು ಎಲ್ಲಿದ್ದಾನೆ ಎಂದು ತಿಳಿಯುವುದು ಆ ತಾಯಿಯ ಹಕ್ಕು. ಅದಕ್ಕೆ ಯಾರಿಗೂ ಹಣ ಕೊಡಬೇಕಾಗಿಲ್ಲ. ಯಾವ ದಾಖಲೆಯಲ್ಲಿ, ಯಾವ ಕಚೇರಿಯಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕೆಂದು ಗೊತ್ತಿದ್ದರೆ ಸಾಕು. ಕಷ್ಟ ಬಂದ ಮೇಲೆ ಕಲಿಯುವುದು ಕಷ್ಟ, ಆದ್ದರಿಂದ ಇಂದೇ ಓದಿ ತಿಳಿದುಕೊಂಡಿರಿ.

ಒಂದು ಮಾತು ಮೊದಲೇ ಹೇಳಬೇಕು. ಅಮೆರಿಕದಲ್ಲಿ ಫೆಡರಲ್ ಜೈಲುಗಳಲ್ಲಿ 1982ರಿಂದ ಈಚೆಗೆ ಇದ್ದವರ ಹೆಸರನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಹುಡುಕಬಹುದು. ನಮ್ಮಲ್ಲಿ ಹಾಗೆ ಹೆಸರು ಒತ್ತಿದೊಡನೆ ಜೈಲು ತೋರಿಸುವ ಒಂದೇ ಕಿಟಕಿಯನ್ನು ನೆಚ್ಚಿ ಕೂರುವಂತಿಲ್ಲ. ನಮ್ಮ ದಾರಿ ಠಾಣೆಯಿಂದ ನ್ಯಾಯಾಲಯಕ್ಕೆ, ನ್ಯಾಯಾಲಯದಿಂದ ಜೈಲಿಗೆ ಹೋಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಒಂದೊಂದು ಕಾಗದ ಹುಟ್ಟುತ್ತದೆ. ಆ ಕಾಗದದ ನಂಬರು ಹಿಡಿದು ಮುಂದೆ ಸಾಗಬೇಕು.

ಮೊದಲ ಕಾಗದ: ಬಂಧನದ ಪತ್ರ

ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಅಧ್ಯಕ್ಷರಾಗಿದ್ದ ಡಿ.ಕೆ. ಬಸು ಅವರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಲಾಕಪ್ಪಿನಲ್ಲಿ ಸಾಯುತ್ತಿರುವವರ ಬಗ್ಗೆ ಪತ್ರಿಕೆಗಳಲ್ಲಿ ಬಂದ ಸುದ್ದಿಯೇ ಆ ಪತ್ರದ ವಿಷಯ. ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ನ್ಯಾಯಾಲಯ 1996ರ ಡಿಸೆಂಬರ್ 18ರಂದು ಬಂಧನದ ವೇಳೆ ಪೊಲೀಸರು ಪಾಲಿಸಬೇಕಾದ 11 ನಿಯಮಗಳನ್ನು ವಿಧಿಸಿತು. ಅವು ನಂತರ ಕಾನೂನಿನಲ್ಲೇ ಸೇರಿದವು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ ಕೆಲವು ಕಲಂಗಳು ನಿಮಗೆ ಬಾಯಿಪಾಠವಾಗಿರಲಿ.

ಕಲಂ 36: ಬಂಧಿಸುವ ಪೊಲೀಸರ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ಬಂಧನದ ಪತ್ರ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು. ಬಂಧಿತನೂ ಸಹಿ ಮಾಡಬೇಕು.

ಕಲಂ 48: ಬಂಧನವಾದೊಡನೆ ಬಂಧಿತ ಹೇಳಿದ ಸಂಬಂಧಿಕರಿಗೆ ಅಥವಾ ಸ್ನೇಹಿತರಿಗೆ ಪೊಲೀಸರು ಸುದ್ದಿ ಮುಟ್ಟಿಸಬೇಕು. ಬಂಧಿಸಿದ್ದೇವೆ ಎಂದರೆ ಸಾಲದು, ಎಲ್ಲಿ ಇಟ್ಟಿದ್ದೇವೆ ಎಂದೂ ಹೇಳಬೇಕು. ಯಾರಿಗೆ ತಿಳಿಸಿದೆವು ಎಂಬುದನ್ನು ಠಾಣೆಯ ಪುಸ್ತಕದಲ್ಲಿ ಬರೆಯಬೇಕು.

ಕಲಂ 37: ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎ.ಎಸ್.ಐ. ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಬಂಧಿತರ ಹೆಸರು, ವಿಳಾಸ ಮತ್ತು ಆರೋಪದ ವಿವರ ಇಟ್ಟಿರಬೇಕು. ಅದು ಜನರಿಗೆ ಕಾಣುವಂತೆ ಪ್ರದರ್ಶನದಲ್ಲಿರಬೇಕು.

ಹಾಗಾದರೆ ಆ ರಾತ್ರಿ ನೀವೇನು ಮಾಡಬೇಕು? ಗಾಬರಿಯಲ್ಲಿ ಕೂಗಾಡಬೇಡಿ, ಅಡ್ಡಗಟ್ಟಬೇಡಿ. ‘ಯಾವ ಠಾಣೆಯವರ‍್ರೀ ಸಾಹೇಬ್ರ? ಎಲ್ಲಿಗೆ ಕರ್ಕೊಂಡು ಹೊಂಟೀರಿ?’ ಎಂದು ಕೇಳಿ. ಕಾಗದಕ್ಕೆ ಸಹಿ ಕೇಳಿದರೆ ಓದಿ, ಓದಿಸಿಕೊಂಡು, ವೇಳೆ ಸರಿಯಾಗಿ ಬರೆದಿದ್ದಾರೆಯೇ ನೋಡಿ ಸಹಿ ಮಾಡಿ. ಬಂದವರ ಹೆಸರು, ಗಾಡಿಯ ನಂಬರು, ಗಂಟೆ, ಎಲ್ಲವನ್ನೂ ಮಕ್ಕಳ ನೋಟುಪುಸ್ತಕದ ಹಿಂಬದಿಯಲ್ಲಾದರೂ ಬರೆದಿಡಿ. ಮುಂದೆ ನ್ಯಾಯಾಲಯದಲ್ಲಿ ಅತ್ತ ಕಣ್ಣೀರಿಗಿಂತ ಬರೆದಿಟ್ಟ ಗಂಟೆಗೆ ಬೆಲೆ ಹೆಚ್ಚು.

ಎರಡನೆಯ ಕಾಗದ: ಗುನ್ನಾ ನಂಬರು

ನಮ್ಮ ಕಡೆ ಠಾಣೆಯವರು ‘ಗುನ್ನಾ ನಂಬರ್’ ಎನ್ನುವುದು ಎಫ್.ಐ.ಆರ್. ಸಂಖ್ಯೆಗೆ. ಆ ವರ್ಷ ಆ ಠಾಣೆಯಲ್ಲಿ ದಾಖಲಾದ ಎಷ್ಟನೆಯ ಪ್ರಕರಣ ಎಂಬುದು ಮೊದಲ ಅಂಕಿ, ಓರೆಗೆರೆಯ ನಂತರ ವರ್ಷ. ಠಾಣೆ, ನಂಬರು, ವರ್ಷ, ಈ ಮೂರು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ನಮ್ಮ ಭಾಗದಲ್ಲಿ ರೋಣ, ನರೇಗಲ್, ಗಜೇಂದ್ರಗಡ ಮತ್ತು ನರಗುಂದ ಠಾಣೆಗಳಿವೆ. ಮೊದಲು ನಿಮ್ಮೂರಿನ ಠಾಣೆಗೆ ಹೋಗಿ. ಒಬ್ಬರೇ ಹೋಗಬೇಡಿ, ಜೊತೆಗೆ ಅಣ್ಣನೋ ಮಾವನೋ ಓಣಿಯ ಹಿರಿಯರೋ ಇರಲಿ. ಮೂರು ಪ್ರಶ್ನೆ ಕೇಳಿ. ಈ ಹೆಸರಿನವರನ್ನು ಬಂಧಿಸಿದ್ದೀರಾ? ಗುನ್ನಾ ನಂಬರು ಎಷ್ಟು? ಯಾವ ನ್ಯಾಯಾಲಯಕ್ಕೆ, ಯಾವಾಗ ಹಾಜರುಪಡಿಸುತ್ತೀರಿ? ‘ನಮ್ಮ ಠಾಣೆಯವರಲ್ಲ’ ಎಂದರೆ, ಬೇರೆ ಊರಿನ ಪೊಲೀಸರು ಬಂದು ಹೋದದ್ದು ತಮಗೆ ತಿಳಿದಿದೆಯೇ ಎಂದು ವಿಚಾರಿಸಿ. ಅಲ್ಲಿಯೂ ಉತ್ತರ ಸಿಗದಿದ್ದರೆ ಗದಗದಲ್ಲಿರುವ ಜಿಲ್ಲಾ ಪೊಲೀಸ್ ನಿಯಂತ್ರಣ ಕೊಠಡಿಗೆ ಕೇಳಿ. 112ಕ್ಕೂ ಕರೆ ಮಾಡಬಹುದು. ಕರೆ ಮಾಡಿದ ಹೊತ್ತನ್ನು ಬರೆದಿಟ್ಟುಕೊಳ್ಳಿ.

ಎಫ್.ಐ.ಆರ್. ಪ್ರತಿಗಾಗಿ ಠಾಣೆಯ ಬಾಗಿಲಲ್ಲೇ ಕಾಯಬೇಕಿಲ್ಲ. 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶದಂತೆ ಎಫ್.ಐ.ಆರ್.ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಏರಿಸಬೇಕು. ಇಂಟರ್ನೆಟ್ ಸರಿಯಿಲ್ಲದ ಕಡೆ 72 ಗಂಟೆಯವರೆಗೆ ಸಮಯವಿದೆ. ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ನಂಬರು, ವರ್ಷ ತುಂಬಿ ಹುಡುಕಬಹುದು. ನಿಮಗೆ ಗೊತ್ತಿಲ್ಲದಿದ್ದರೆ ಕಾಲೇಜಿಗೆ ಹೋಗುವ ಮಗಳು ಐದು ನಿಮಿಷದಲ್ಲಿ ಹುಡುಕಿ ಕೊಡುತ್ತಾಳೆ. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ದೌರ್ಜನ್ಯ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಅಲ್ಲಿ ಹಾಕುವುದಿಲ್ಲ. ಅಂಥ ವೇಳೆ ಆರೋಪಿಯ ಪರವಾಗಿ ಮನೆಯವರು ಅಥವಾ ವಕೀಲರು ಪ್ರತಿಗೆ ಅರ್ಜಿ ಕೊಡಬಹುದು.

ಮೂರನೆಯ ಕಾಗದ: ರಿಮಾಂಡ್ ಆದೇಶ

ಸಂವಿಧಾನದ 22ನೆಯ ವಿಧಿ ಮತ್ತು ಹೊಸ ಸಂಹಿತೆಯ ಕಲಂ 58ರ ಪ್ರಕಾರ ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಪ್ರಯಾಣದ ಸಮಯವನ್ನು ಮಾತ್ರ ಇದರಲ್ಲಿ ಲೆಕ್ಕಿಸುವುದಿಲ್ಲ. ರವಿವಾರವಿರಲಿ, ಈದ್ ಇರಲಿ, ದೀಪಾವಳಿಯಿರಲಿ, ಈ ಗಡುವಿಗೆ ರಜೆಯಿಲ್ಲ. ನ್ಯಾಯಾಲಯ ಮುಚ್ಚಿದ್ದರೆ ನ್ಯಾಯಾಧೀಶರ ಮನೆಗೇ ಕರೆದೊಯ್ಯುತ್ತಾರೆ.

ಮ್ಯಾಜಿಸ್ಟ್ರೇಟರು ಬರೆಯುವ ರಿಮಾಂಡ್ ಆದೇಶವೇ ನಿಮಗೆ ಬೇಕಾದ ಮುಖ್ಯ ಕಾಗದ. ಬಂಧಿತನನ್ನು ಎಲ್ಲಿ ಇಡಬೇಕೆಂದು ಅದರಲ್ಲಿರುತ್ತದೆ. ‘ಪೊಲೀಸ್ ಕಸ್ಟಡಿ’ ಎಂದಿದ್ದರೆ ತನಿಖೆಗಾಗಿ ಮತ್ತೆ ಪೊಲೀಸರ ವಶದಲ್ಲೇ ಇರುತ್ತಾನೆ. ಸಾಮಾನ್ಯ ಪ್ರಕರಣಗಳಲ್ಲಿ ಇದು ಒಟ್ಟು 15 ದಿನ ಮೀರುವಂತಿಲ್ಲ. ‘ನ್ಯಾಯಾಂಗ ಬಂಧನ’ ಎಂದಿದ್ದರೆ ಜೈಲಿಗೆ ಹೋಗಿದ್ದಾನೆ ಎಂದರ್ಥ. ಈ ಬಂಧನವನ್ನು ಒಂದು ಸಲಕ್ಕೆ 15 ದಿನಕ್ಕಿಂತ ಹೆಚ್ಚು ಮುಂದುವರಿಸುವಂತಿಲ್ಲ. ಆದ್ದರಿಂದ ಒಂದು ಸಲ ಸುಳಿವು ತಪ್ಪಿದರೂ ಮುಂದಿನ ತಾರೀಖಿಗೆ ನ್ಯಾಯಾಲಯದಲ್ಲಿ ಮತ್ತೆ ಸಿಗುತ್ತದೆ.

ರೋಣ, ನರಗುಂದಗಳಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಿವೆ. ಗಜೇಂದ್ರಗಡ ಮೊದಲು ರೋಣ ತಾಲೂಕಿನಲ್ಲೇ ಇತ್ತು, ನಂತರ ಬೇರೆ ತಾಲೂಕಾಯಿತು. ಹೀಗಾಗಿ ಹಳೆಯ ಪ್ರಕರಣದ ವಾರಂಟಿನ ಮೇಲೆ ಬಂಧನವಾಗಿದ್ದರೆ ರೋಣದ ನ್ಯಾಯಾಲಯದಲ್ಲೂ ವಿಚಾರಿಸಿ. ಜಗಳ, ಗಲಾಟೆಯ ಭಯದಿಂದ ಮುಂಜಾಗ್ರತೆಗಾಗಿ ಹಿಡಿದಿದ್ದರೆ ತಹಶೀಲ್ದಾರರ ಮುಂದೆ ಹಾಜರುಪಡಿಸಿರಬಹುದು, ಅವರೂ ತಾಲೂಕಿನ ದಂಡಾಧಿಕಾರಿಗಳೇ. ನ್ಯಾಯಾಲಯದಲ್ಲಿ ಹೆಸರು ಸಿಗದಿದ್ದರೆ ತಹಶೀಲ್ದಾರ ಕಚೇರಿಯಲ್ಲೂ ಕೇಳುವುದನ್ನು ಮರೆಯಬೇಡಿ.

ಪ್ರಕರಣ ನ್ಯಾಯಾಲಯದಲ್ಲಿ ದಾಖಲಾದ ಮೇಲೆ ‘ಇ-ಕೋರ್ಟ್ಸ್’ ಜಾಲತಾಣದಲ್ಲಿ ಹುಡುಕಬಹುದು. ರಾಜ್ಯ, ಜಿಲ್ಲೆ, ನ್ಯಾಯಾಲಯ ಆರಿಸಿ, ನಂತರ ಎಫ್.ಐ.ಆರ್. ನಂಬರು ಅಥವಾ ಕಕ್ಷಿದಾರನ ಹೆಸರು ತುಂಬಬೇಕು. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ‘ಸಿ.ಎನ್.ಆರ್.’ ಸಂಖ್ಯೆ ಇರುತ್ತದೆ. ಅದೊಂದು ಸಿಕ್ಕರೆ ಸಾಕು, ಮುಂದಿನ ತಾರೀಖು, ಆದೇಶ, ವಕೀಲರ ಹೆಸರು ಎಲ್ಲವೂ ಮನೆಯಲ್ಲೇ ಗೊತ್ತಾಗುತ್ತದೆ.

ಹೆಸರಿನ ತೊಡಕು

ಇಲ್ಲಿ ನಮ್ಮ ಮನೆಗಳಿಗೆ ಒಂದು ವಿಶೇಷ ತೊಡಕಿದೆ. ನಮ್ಮ ಹೆಸರುಗಳು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ. ರೇಷನ್ ಕಾರ್ಡಿನಲ್ಲಿ ‘ಮಹಮ್ಮದ’, ಆಧಾರಿನಲ್ಲಿ ‘ಮೊಹಮ್ಮದ್’, ಶಾಲೆಯ ದಾಖಲೆಯಲ್ಲಿ ‘ಎಂ.ಡಿ.’ ಮಾತ್ರ. ಠಾಣೆಯಲ್ಲಿ ಹೆಸರಿನ ಕೊನೆಗೆ ‘ಸಾಬ’ ಸೇರಿ, ಮುಂದೆ ‘ತಂದೆ’ ಎಂದು ಅಪ್ಪನ ಹೆಸರು, ಕೊನೆಗೆ ನದಾಫ, ಮುಲ್ಲಾ, ಅತ್ತಾರ ಎಂದು ಅಡ್ಡಹೆಸರು. ಓಣಿಯಲ್ಲಿ ಕರೆಯುವ ಹೆಸರು ಇನ್ನೊಂದೇ. ಇಂಗ್ಲಿಷ್ ಅಕ್ಷರಕ್ಕೆ ಹೋದಾಗ ಒಂದು ಹೆಸರಿಗೆ ಐದಾರು ಕಾಗುಣಿತ.

ಆದ್ದರಿಂದ ಕಂಪ್ಯೂಟರಿನಲ್ಲಿ ‘ದಾಖಲೆ ಇಲ್ಲ’ ಎಂದು ಬಂದೊಡನೆ ಎದೆ ಒಡೆದುಕೊಳ್ಳಬೇಡಿ. ಪೂರ್ತಿ ಹೆಸರಿನ ಬದಲು ಮೊದಲ ಮೂರ‍್ನಾಲ್ಕು ಅಕ್ಷರ ಹಾಕಿ ನೋಡಿ. ಅಡ್ಡಹೆಸರಿನಿಂದ ನೋಡಿ. ಸಾಧ್ಯವಾದಷ್ಟೂ ಹೆಸರಿಗಿಂತ ಗುನ್ನಾ ನಂಬರಿನಿಂದಲೇ ಹುಡುಕಿ. ಒಂದೇ ಹೆಸರಿನ ಇಬ್ಬರು ಇರಬಹುದು, ತಂದೆಯ ಹೆಸರು, ವಯಸ್ಸು, ಊರು ತಾಳೆಯಾಗುತ್ತವೆಯೇ ನೋಡದೆ ‘ಇವನೇ’ ಎಂದು ತೀರ್ಮಾನಿಸಬೇಡಿ. ಬೇರೆಯವರ ಮಗನ ಮೇಲಿನ ಆರೋಪ ನಿಮ್ಮ ಮಗನ ತಲೆಗೆ ಬಂದೀತು, ಅಥವಾ ನಿಮ್ಮಿಂದ ಇನ್ನೊಂದು ಮನೆಯ ಮಾನ ಹೋದೀತು.

ನಾಲ್ಕನೆಯ ಕಾಗದ: ಜೈಲಿನ ರಿಜಿಸ್ಟರ್

ಜೈಲಿನ ಬಾಗಿಲು ದಾಟುವ ಪ್ರತಿಯೊಬ್ಬನ ಹೆಸರೂ ಅಲ್ಲಿನ ರಿಜಿಸ್ಟರಿನಲ್ಲಿ ಬರೆಯಲ್ಪಡುತ್ತದೆ. ಒಂದು ನಂಬರೂ ಸಿಗುತ್ತದೆ. ವಿಚಾರಣೆ ಎದುರಿಸುತ್ತಿರುವವನಿಗೆ ‘ಯು.ಟಿ.ಪಿ.’, ಶಿಕ್ಷೆಯಾದವನಿಗೆ ‘ಸಿ.ಟಿ.ಪಿ.’ ನಂಬರು. ಮುಂದೆ ಪತ್ರ ಬರೆಯಲು, ಭೇಟಿಗೆ, ವಕೀಲರಿಗೆ ಇದೇ ಗುರುತು.

ನಮ್ಮ ಮೂರೂ ತಾಲೂಕಿನವರು ಮೊದಲು ವಿಚಾರಿಸಬೇಕಾದದ್ದು ಗದಗದ ಜಿಲ್ಲಾ ಕಾರಾಗೃಹ. ಅಲ್ಲಿ ಇಲ್ಲದಿದ್ದರೆ ಧಾರವಾಡದ ಕೇಂದ್ರ ಕಾರಾಗೃಹ, ಬೆಳಗಾವಿಯ ಹಿಂಡಲಗಾ, ಬಳ್ಳಾರಿ, ವಿಜಯಪುರ ಹೀಗೆ. ಜಾಗ ಸಾಲದೆ, ಭದ್ರತೆಯ ಕಾರಣದಿಂದ ಅಥವಾ ಬೇರೆ ಜಿಲ್ಲೆಯ ಪ್ರಕರಣವಿದೆಯೆಂದು ಕೈದಿಗಳನ್ನು ಸ್ಥಳಾಂತರ ಮಾಡುವುದುಂಟು. ಹಾಗೆ ಮಾಡಿದರೂ ಹಳೆಯ ಜೈಲಿನ ರಿಜಿಸ್ಟರಿನಲ್ಲಿ ಎಲ್ಲಿಗೆ ಕಳಿಸಿದೆವು ಎಂಬುದು ಇರುತ್ತದೆ. ‘ಇಲ್ಲಿ ಇಲ್ಲ’ ಎಂದರೆ ಅಲ್ಲಿಗೇ ಬಿಡಬೇಡಿ. ‘ಇಲ್ಲಿಂದ ಎಲ್ಲಿಗೆ ಕಳಿಸೀರಿ, ಯಾವ ತಾರೀಖಿಗೆ?’ ಎಂದು ಕೇಳಿ. ಕಾಯಿಲೆಯಾಗಿ ಆಸ್ಪತ್ರೆಗೆ ಸೇರಿಸಿದ್ದಾರೆಯೇ ಎಂದೂ ಕೇಳಿ.

ನಮ್ಮ ಭಾಗದ ಜನರಿಗೆ ಇದರ ಕಷ್ಟ ಗೊತ್ತು. 1858ರಲ್ಲಿ ನರಗುಂದದ ಬಾಬಾಸಾಹೇಬರು ಬ್ರಿಟಿಷರಿಗೆ ಸೆರೆಸಿಕ್ಕಾಗ ಅವರನ್ನು ಗಲ್ಲಿಗೇರಿಸಿದ್ದು ದೂರದ ಬೆಳಗಾವಿಯಲ್ಲಿ. 2016ರ ಜುಲೈನಲ್ಲಿ ಮಹದಾಯಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪಿನ ನಂತರ ನವಲಗುಂದ, ಯಮನೂರು ಭಾಗದಲ್ಲಿ ನಡೆದ ಬಂಧನಗಳಲ್ಲೂ ಹಲವರನ್ನು ಜಿಲ್ಲೆಯ ಹೊರಗಿನ ಜೈಲುಗಳಿಗೆ ಕಳಿಸಲಾಯಿತು. ಹಿಡಿದ ಊರಿನಲ್ಲೇ ಇಟ್ಟಿರುತ್ತಾರೆ ಎಂದು ಭಾವಿಸಬಾರದು ಎಂಬುದಕ್ಕೆ ಇದು ಸಾಕ್ಷಿ.

ಭೇಟಿಗೆ ಕೇಂದ್ರ ಸರ್ಕಾರದ ‘ಇ-ಪ್ರಿಸನ್ಸ್’ ಜಾಲತಾಣದಲ್ಲಿ ‘ಇ-ಮುಲಾಕಾತ್’ ಎಂಬ ವಿಭಾಗವಿದೆ. ಜೈಲು, ಕೈದಿಯ ಹೆಸರು, ತಂದೆಯ ಹೆಸರು, ನಿಮ್ಮ ಗುರುತಿನ ಚೀಟಿಯ ವಿವರ ತುಂಬಿ ದಿನ ಗೊತ್ತುಮಾಡಿಕೊಳ್ಳಬಹುದು. ಗದಗಿನ ಬಸ್ಸಿಗೆ ಹಣ ಹೊಂದಿಸಿಕೊಂಡು ಕೂಸನ್ನೆತ್ತಿಕೊಂಡು ಹೋಗಿ ಬರಿಗೈಲಿ ಮರಳುವ ಬದಲು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ.

ಉತ್ತರವೇ ಸಿಗದಿದ್ದರೆ

ಎಲ್ಲ ಬಾಗಿಲಲ್ಲೂ ‘ಗೊತ್ತಿಲ್ಲ’ ಎಂದರೆ ಮೂರು ದಾರಿಗಳಿವೆ.

ಒಂದು, ಉಚಿತ ಕಾನೂನು ನೆರವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಮತ್ತು ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ತಾಲೂಕು ನ್ಯಾಯಾಲಯದ ಆವರಣದಲ್ಲೇ ಸಮಿತಿಯಿದೆ, ಗದಗದಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಸಹಾಯವಾಣಿ 15100. ಜೈಲುಗಳಿಗೆ ಇವರ ವಕೀಲರು ಹೋಗಿ ಬರುತ್ತಿರುತ್ತಾರೆ, ಆದ್ದರಿಂದ ಹುಡುಕುವ ಕೆಲಸವೂ ಸುಲಭ.

ಎರಡು, ಮಾಹಿತಿ ಹಕ್ಕು. ಸಾಮಾನ್ಯ ಅರ್ಜಿಗೆ 30 ದಿನದ ಗಡುವು. ಆದರೆ 2005ರ ಕಾಯ್ದೆಯ ಕಲಂ 7(1)ರಲ್ಲಿ, ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯಲ್ಲಿ ಕೊಡಬೇಕೆಂದಿದೆ. ಅರ್ಜಿಯ ತಲೆಯಲ್ಲೇ ಇದನ್ನು ಎದ್ದು ಕಾಣುವಂತೆ ಬರೆಯಿರಿ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯ ಮಾಹಿತಿ ಅಧಿಕಾರಿಗೆ ಒಂದು, ಜೈಲಿನ ಮಾಹಿತಿ ಅಧಿಕಾರಿಗೆ ಒಂದು ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯವಿರಬೇಕು. ಸ್ವೀಕೃತಿ ಪಡೆಯದೆ ಬರಬೇಡಿ.

ಮೂರು, ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ. ‘ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ತನ್ನಿ’ ಎಂದು ಆದೇಶಿಸುವಂತೆ ಕೇಳುವುದು ಇದರ ತಿರುಳು. ತಾಯಿ, ಹೆಂಡತಿ, ಸ್ನೇಹಿತ ಯಾರೂ ಹಾಕಬಹುದು. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಧಾರವಾಡ ಪೀಠದ ವ್ಯಾಪ್ತಿಗೆ ಗದಗ ಜಿಲ್ಲೆ ಬರುತ್ತದೆ. ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಒಬ್ಬ ತಾಯಿಯ ಪತ್ರಕ್ಕೆ ಎಷ್ಟು ಶಕ್ತಿಯಿದೆ ನೋಡಿ. ಒಡಿಶಾದ ನೀಲಾಬತಿ ಬೆಹೆರಾ ಅವರ 22 ವರ್ಷದ ಮಗನನ್ನು 1987ರ ಡಿಸೆಂಬರ್ 1ರಂದು ಪೊಲೀಸರು ಕರೆದೊಯ್ದರು. ಮರುದಿನ ರೈಲು ಹಳಿಯ ಬಳಿ ಅವನ ಶವ ಸಿಕ್ಕಿತು. ತಾಯಿ 1988ರಲ್ಲಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. 1993ರಲ್ಲಿ ನ್ಯಾಯಾಲಯ ಸರ್ಕಾರವನ್ನು ಹೊಣೆ ಮಾಡಿ 1,50,000 ರೂಪಾಯಿ ಪರಿಹಾರ ಕೊಡಿಸಿತು. ಮಗ ಮರಳಿ ಬರಲಿಲ್ಲ. ಆದರೆ ಬಂಧನದಲ್ಲಿ ಸತ್ತವನ ಜೀವಕ್ಕೆ ಸರ್ಕಾರ ಉತ್ತರ ಹೇಳಬೇಕು ಎಂಬುದು ಆ ತೀರ್ಪಿನಿಂದ ಗಟ್ಟಿಯಾಯಿತು.

ಹೆಂಗಸರು ಮತ್ತು ಮಕ್ಕಳ ವಿಷಯ

ಹೆಣ್ಣುಮಕ್ಕಳನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುನ್ನ ಬಂಧಿಸುವಂತಿಲ್ಲ. ಅನಿವಾರ್ಯ ಸಂದರ್ಭವಿದ್ದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬರಬೇಕು. ಸಾಕ್ಷಿ ಹೇಳಿಕೆಗಾಗಿ ಹೆಂಗಸರನ್ನು, 60 ದಾಟಿದವರನ್ನು ಠಾಣೆಗೆ ಕರೆಸುವಂತಿಲ್ಲ, ಅವರಿರುವ ಮನೆಗೇ ಬರಬೇಕು. ಜೈಲಿಗೆ ಹೋದ ತಾಯಿಯ ಜೊತೆ 6 ವರ್ಷದೊಳಗಿನ ಕೂಸು ಇರಬಹುದು.

18 ತುಂಬದ ಮಕ್ಕಳನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. 24 ಗಂಟೆಯಲ್ಲಿ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಕ್ಕಳ ಹೆಸರನ್ನು ಬಹಿರಂಗಪಡಿಸುವುದು ಅಪರಾಧವಾದ್ದರಿಂದ ಜಾಲತಾಣದಲ್ಲಿ ಹುಡುಕಬೇಡಿ, ನೇರವಾಗಿ ಮಂಡಳಿಯಲ್ಲಿ ಕೇಳಿ. ಹುಡುಗನ ಶಾಲೆಯ ದಾಖಲೆ ಜೊತೆಗೆ ಒಯ್ಯಿರಿ. ವಯಸ್ಸಿಗೆ ಅದೇ ಮೊದಲ ಸಾಕ್ಷಿ.

ಗೋವೆಗೆ, ಗಲ್ಫಿಗೆ ಹೋದವರು

ನಮ್ಮ ಕಡೆಯಿಂದ ಗಾರೆ ಕೆಲಸಕ್ಕೆ, ಕೂಲಿಗೆ ಗೋವೆಗೆ ಹೋಗುವವರು ಬಹಳ. ಅಲ್ಲಿ ಬಂಧನವಾದರೂ ದಾರಿ ಇದೇ: ಠಾಣೆ, ನ್ಯಾಯಾಲಯ, ಜೈಲು. ಆಗ್ವಾದ ಕೋಟೆಯ ಹಳೆಯ ಜೈಲು 2015ರಲ್ಲಿ ಮುಚ್ಚಿತು. ಈಗ ಕೋಲ್ವಾಳದಲ್ಲಿ ಕೇಂದ್ರ ಕಾರಾಗೃಹವಿದೆ.

ಗಲ್ಫ್ ದೇಶಗಳಲ್ಲಿ ಬಂಧನವಾದರೆ ಭಾರತೀಯ ರಾಯಭಾರ ಕಚೇರಿಯೇ ಆಸರೆ. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣ 2015ರಿಂದ ಇದೆ, ಪಾಸ್‌ಪೋರ್ಟ್ ನಂಬರಿನೊಂದಿಗೆ ಅಲ್ಲಿ ದೂರು ದಾಖಲಿಸಬಹುದು. 2025ರಲ್ಲಿ ಸಚಿವಾಲಯವು ಸಂಸತ್ತಿಗೆ ತಿಳಿಸಿದಂತೆ ಹತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ವಿದೇಶದ ಜೈಲುಗಳಲ್ಲಿದ್ದರು. ಹಲವು ದೇಶಗಳಲ್ಲಿ ಖಾಸಗಿತನದ ಕಾನೂನು ಕಟ್ಟುನಿಟ್ಟು, ಬಂಧಿತ ಒಪ್ಪದೆ ವಿವರ ಕೊಡುವುದಿಲ್ಲ. ಮನೆಯ ಯಜಮಾನರು ವಿಮಾನ ಹತ್ತುವ ಮೊದಲೇ ಪಾಸ್‌ಪೋರ್ಟ್, ವೀಸಾ ಮತ್ತು ಕೆಲಸದ ಒಪ್ಪಂದದ ಪ್ರತಿ ಮನೆಯಲ್ಲಿರಲಿ.

ಮೋಸದ ಕರೆಗಳ ಬಗ್ಗೆ ಎಚ್ಚರ

ಈಗ ಹೊಸದೊಂದು ಪೀಡೆ ಬಂದಿದೆ. ‘ನಿಮ್ಮ ಮಗನನ್ನು ಹಿಡಿದಿದ್ದೇವೆ, ತಕ್ಷಣ ಹಣ ಕಳಿಸಿ’ ಎಂದು ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡುತ್ತಾರೆ. ಹಿಂದಿನಿಂದ ಅಳುವ ದನಿ ಕೇಳಿಸುತ್ತಾರೆ. ತಾಯಿಯ ಕರುಳು ತಡೆಯುವುದಿಲ್ಲ. ಆದರೆ ಒಂದು ಕ್ಷಣ ನಿಂತು ಕೇಳಿ: ಯಾವ ಠಾಣೆ? ಗುನ್ನಾ ನಂಬರು ಎಷ್ಟು? ಯಾವ ನ್ಯಾಯಾಲಯ? ನಂತರ ಕರೆ ಕಡಿದು ಮಗನಿಗೇ ಫೋನ್ ಮಾಡಿ, ಆ ಠಾಣೆಗೆ ನೀವೇ ಕರೆ ಮಾಡಿ ತಾಳೆ ನೋಡಿ. ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲಿ ಇಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಯ ಮಾತು

1979ರ ಜನವರಿಯಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಬಗ್ಗೆ ಪತ್ರಿಕೆಯೊಂದರಲ್ಲಿ ಲೇಖನ ಬಂತು. ಅದನ್ನೇ ಆಧಾರವಾಗಿಟ್ಟುಕೊಂಡು ವಕೀಲೆ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣಕ್ಕೆ ಬಂದಿಗಳಲ್ಲೊಬ್ಬಳಾದ ಹುಸೈನಾರಾ ಖಾತೂನಳ ಹೆಸರೇ ನಿಂತಿತು. ಸಾವಿರಾರು ಮಂದಿ ಬಿಡುಗಡೆಯಾದರು. ಅವರಲ್ಲಿ ಎಷ್ಟೋ ಮಂದಿಯ ತಪ್ಪಿಗಿಂತ ದೊಡ್ಡದಾಗಿದ್ದದ್ದು, ಯಾರೂ ಅವರನ್ನು ಹುಡುಕಿಕೊಂಡು ಬರಲಿಲ್ಲ ಎಂಬುದು.

ಇಂದಿಗೂ ಪರಿಸ್ಥಿತಿ ತೀರಾ ಬದಲಾಗಿಲ್ಲ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ಇನ್ನೂ ವಿಚಾರಣೆ ಎದುರಿಸುತ್ತಿದ್ದವರು. ಅಂದರೆ ನಾಲ್ವರಲ್ಲಿ ಮೂವರು. ಹೊರಗೆ ಒಬ್ಬ ತಾಯಿಯೋ ಹೆಂಡತಿಯೋ ನಂಬರು ಬರೆದಿಟ್ಟುಕೊಂಡು ತಾರೀಖಿಗೆ ಸರಿಯಾಗಿ ವಿಚಾರಿಸುವವಳಿದ್ದರೆ ಒಳಗಿರುವವನ ಪ್ರಕರಣ ಮೂಲೆ ಸೇರುವುದಿಲ್ಲ.

ನಿಮ್ಮ ಓಣಿಯಲ್ಲಿ ಇಂಥ ಮನೆಯೊಂದಿದ್ದರೆ ಅವರನ್ನು ದೂರವಿಡಬೇಡಿ. ‘ಜೈಲಿಗೆ ಹೋದವನ ಮನೆ’ ಎಂದು ಬೊಟ್ಟು ಮಾಡುವ ಬದಲು ಆ ತಾಯಿಯ ಜೊತೆ ರೋಣದವರೆಗೆ ಬಸ್ಸು ಹತ್ತಿ. ಓದು ಬರದವರಿಗೆ ಅರ್ಜಿ ಬರೆದುಕೊಡಿ. ಅವರ ಮಕ್ಕಳಿಗೆ ಆ ಹೊತ್ತಿನ ಊಟ ನಿಮ್ಮ ಮನೆಯಲ್ಲಾಗಲಿ. ಹೀಗೆ ಮಾಡಲು ಯಾವ ಕಲಮೂ ಬೇಕಿಲ್ಲ.